ಚುಕ್ಕಿ ಕಾಲುಚೀಲ

ಕಲ್ಯಾಣ ಮಂಟಪದ ಒಳಗಿನಿಂದ ಧಡ್ ಎಂಬ ಸದ್ದು ಬಂದಾಗ ಅಣ್ಣಾಜಿ ಹೊರಗೆ ಸ್ಕೂಟರಿಗೆ ಒರಗಿಕೊಂಡು ಪೇಪರು ಓದುತ್ತಿದ್ದರು. ಒಳಗೆ ಹಾಲ್ ತುಂಬ ಹೆಂಗಸರು ಯೋಗ ಮಾಡುತ್ತಿರುವಾಗ ಬಿದ್ದವಳು ತಮ್ಮ ಹೆಂಡತಿಯೇ ಎಂದು ಅವರಿಗೆ ಯಾಕೆ ಅನ್ನಿಸಿತೋ, ಪೇಪರನ್ನು ಸೀಟಿನ ಮೇಲೆ ಒಗೆದು ಬಾಗಿಲಿಗೆ ಓಡಿದರು. ಹೆಂಗಸರ ಕ್ಲಾಸಿನಲ್ಲಿ ಗಂಡಸರು ಇಣುಕಬಾರದೆಂಬ ನಿಯಮ ಆ ಹೊತ್ತಿಗೆ ನೆನಪಾಗಲಿಲ್ಲ.

ಅನ್ನಿಸಿದ್ದು ನಿಜವಾಗಿತ್ತು. ಮುಖ ಕಾಣುವಷ್ಟು ನುಣುಪಾದ ಗ್ರಾನೈಟ್ ನೆಲದ ನಟ್ಟನಡುವೆ ಪದ್ಮಾಬಾಯಿ ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಪಂಕ್ತಿಗೆ ಕೂತವರ ಹಾಗೆ ಕೂತಿದ್ದರು. ಬಿದ್ದವರು ಯಾರೇ ಆಗಲಿ ಮೊದಲು ಸೊಂಟ ಹಿಡಿದುಕೊಳ್ಳುತ್ತಾರೆ. ಪದ್ಮಾಬಾಯಿ ಎರಡೂ ಕೈಯಿಂದ ಎಡಗಾಲಿನ ಕಾಲುಚೀಲದ ಅಂಚನ್ನು ಹಿಡಿದುಕೊಂಡಿದ್ದರು. ಅದು ಬಾಗಿಲಲ್ಲಿ ನಿಂತ ಅಣ್ಣಾಜಿಗೆ ಮಾತ್ರ ಅರ್ಥವಾಯಿತು.

ಯೋಗ ಕಲಿಸುವ ರುದ್ರಮುನಿ ಮಾಸ್ತರರು ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಮೈದಾನ ಬಿಟ್ಟು ಮಂಟಪಕ್ಕೆ ಬಂದರೂ ದನಿ ತಗ್ಗಿಸುವುದು ಅವರಿಗೆ ಇನ್ನೂ ರೂಢಿಯಾಗಿರಲಿಲ್ಲ.

"ಪೆಟ್ಟು ಬಿತ್ತೇನ್ರಿ ಬಾಯಾರ? ಇಲ್ಲಲ್ಲ? ಮೊದಲನೇ ದಿನದಿಂದ ಹೇಳಾಕತ್ತೇನಿ, ಆ ಸಾಕ್ಸ್ ತಗೀರಿ, ತಗೀರಿ ಅಂತ. ವೃಕ್ಷಾಸನ ಅಂದ್ರ ಗಿಡ ಆಗಿ ನಿಂದರೂದು. ಗಿಡದ ಬೇರಿಗೆ ಯಾರರ ಸಾಕ್ಸ್ ಹಾಕ್ತಾರೇನ್ರಿ?"

ಹೆಂಗಸರೆಲ್ಲ ನಕ್ಕರು. ಕೆಟ್ಟ ನಗೆಯೇನಲ್ಲ, ಬೆಳಗಿನ ಜಾವ ಎದ್ದು ಬಂದವರಿಗೆ ನಗಲಿಕ್ಕೊಂದು ನೆವ ಬೇಕಿತ್ತು, ಅಷ್ಟೇ.

"ನಂಗ ಕಾಲು ಥಂಡಿ ಆಗ್ತಾವ್ರಿ ಸರ," ಎಂದರು ಪದ್ಮಾಬಾಯಿ.

"ಹೌದ್ರಿ, ಅಕಿಗೆ ಮೊದಲಿನಿಂದ್ಲೂ ಕಾಲು ಥಂಡಿ," ಎಂದು ಯಾರೂ ಕೇಳದಿದ್ದರೂ ಅಣ್ಣಾಜಿ ಬಾಗಿಲಿನಿಂದ ಸಾಕ್ಷಿ ಹೇಳಿದರು.

ಏಪ್ರಿಲ್ ತಿಂಗಳ ರಾಣೆಬೆನ್ನೂರು. ಬೆಳಗಿನ ಆರು ಗಂಟೆಗೇ ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಗಂಡಹೆಂಡತಿಯ ಮಾತು ಕೇಳಿ ಮಾಸ್ತರರು ಹಣೆಯ ಬೆವರು ಒರೆಸಿಕೊಂಡರು. "ನೋಡ್ರಿ ಬಾಯಾರ, ನಿಮ್ಮ ಥಂಡಿ ನಿಮಗ ಗೊತ್ತು. ಆದ್ರ ಸಾಕ್ಸ್ ಹಾಕ್ಕೊಂಡವರನ್ನ ಇನ್ನ ಮ್ಯಾಲೆ ನಾ ನಿಂದ್ರಸಂಗಿಲ್ಲ. ಕೂತು ಮಾಡೂ ಆಸನ ಅಷ್ಟ ಮಾಡ್ರಿ. ನಾಳೆ ಎಲುಬು ಮುರದ್ರ ಊರೆಲ್ಲಾ ನನ್ನ ಹೆಸರು ಹೇಳತೈತಿ."

ಮನೆಗೆ ಹೋಗುವ ದಾರಿಯಲ್ಲಿ ಪದ್ಮಾಬಾಯಿ ಸ್ಕೂಟರಿನ ಹಿಂದೆ ಒಂದು ಬದಿಗೆ ಕೂತು, ಎಂದಿನಂತೆ ಬಲಗಾಲನ್ನು ಎಡಗಾಲಿನ ಮೇಲಿಟ್ಟು ಮುಚ್ಚಿಕೊಂಡು, ಬಟ್ಟೆಯ ಗಂಟಿನ ಹಾಗೆ ಸುಮ್ಮನೆ ಬಂದರು. ಮನೆಯ ಮುಂದೆ ಇಳಿದವರು, "ನಾಳೆಯಿಂದ ನಾ ಬರೂದಿಲ್ರಿ. ನೀವೂ ಆರಾಮ ಮಲಕೋರಿ," ಎಂದು ಒಳಗೆ ಹೋದರು.

ಆರಾಮವಾಗಿ ಮಲಗುವುದೇ ಅಣ್ಣಾಜಿಗೆ ಬೇಕಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಎರಡು ತಿಂಗಳ ಹಿಂದೆ, ಬೆಳಗಾದರೆ ಟಿವಿಯಲ್ಲಿ ಪ್ರಾಣಾಯಾಮ ನೋಡಿ ಊರಿಗೆ ಊರೇ ಹೊಟ್ಟೆ ಒಳಗೆಳೆದುಕೊಳ್ಳತೊಡಗಿದ್ದ ಕಾಲದಲ್ಲಿ, ಎದುರು ಮನೆಯ ಸೋಮವ್ವ ಬಂದು ಪದ್ಮಾಬಾಯಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಈ ಕ್ಲಾಸಿಗೆ ಹೋಗಿದ್ದಳು. ಸೋಮವ್ವನ ಗಂಡನದು ಬೀಜದ ವ್ಯಾಪಾರ; ತವರು ಬ್ಯಾಡಗಿ. ಅವಳ ಮಾತೂ ಬ್ಯಾಡಗಿ ಮೆಣಸಿನಕಾಯಿಯ ಹಾಗೆ, ನೋಡಲಿಕ್ಕೆ ಕೆಂಪಗೆ, ಖಾರ ಕಡಿಮೆ. ಮಗಳ ಚೂಡಿದಾರ ತೊಟ್ಟು, ಯಾರಾದರೂ ಕಂಡಾರೆಂದು ಸಂಕೋಚದಿಂದ ಹೊರಟ ಪದ್ಮಾಬಾಯಿ ಎಂಟೇ ದಿನಗಳಲ್ಲಿ ಬೇರೆ ಹೆಂಗಸಾದರು. ಮದುವೆಯಾದಂದಿನಿಂದ ಊರ ಸುದ್ದಿಯನ್ನು ತಮ್ಮ ಕಾಲುಚೀಲ, ಬನಿಯನ್ನಿನ ಅಂಗಡಿಯಿಂದ ಮನೆಗೆ ಹೊತ್ತು ತರುವ ಕೆಲಸ ಅಣ್ಣಾಜಿಯದಾಗಿತ್ತು. ಈಗ ಸ್ಕೂಟರು ಚಾಲೂ ಆಗುವುದಕ್ಕೆ ಮೊದಲೇ ಹಿಂದಿನಿಂದ ಸುದ್ದಿ ಚಾಲೂ ಆಗುತ್ತಿತ್ತು. ಯಾರ ಮೊಣಕಾಲು ಸುಧಾರಿಸಿತು, ಯಾರ ಸೊಸೆ ಬಾಣಂತನಕ್ಕೆ ಅಗಡಿಗೆ ಹೋದಳು, ಶವಾಸನದಲ್ಲಿ ಯಾರು ಗೊರಕೆ ಹೊಡೆದರು. ಹೇಳುತ್ತ ಹೇಳುತ್ತ ತಾವೇ ನಗುತ್ತಿದ್ದರು. ಆ ನಗು ತಮ್ಮ ಬೆನ್ನಿಗೆ ತಾಗುವುದು ಅಣ್ಣಾಜಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಹತ್ತಿರದ ದಾರಿ ಬಿಟ್ಟು ಸ್ಟೇಷನ್ ಕಡೆಯಿಂದ ಸುತ್ತು ಹಾಕಿ ಮನೆಗೆ ಬರುತ್ತಿದ್ದರು. ಯಾಕೆಂದು ಕೇಳಿದರೆ, ಅಲ್ಲಿ ರಸ್ತೆ ಚೆನ್ನಾಗಿದೆ ಅನ್ನುತ್ತಿದ್ದರು. ಅಲ್ಲಿ ರಸ್ತೆ ಚೆನ್ನಾಗಿರಲಿಲ್ಲ.

ಇನ್ನು ಆ ಥಂಡಿಯ ವಿಷಯ. ಪದ್ಮಾಬಾಯಿಗೆ ಕಾಲು ಥಂಡಿಯಾಗುತ್ತಿರಲಿಲ್ಲ. ಮದುವೆಯಾದ ಎರಡನೆಯ ವರ್ಷ ಎಡಗಾಲಿನ ಹರಡಿನ ಗಂಟಿನ ಹತ್ತಿರ ಒಂದು ಬಿಳಿ ಮಚ್ಚೆ ಕಾಣಿಸಿಕೊಂಡಿತು. ತೊನ್ನು. ಹುಬ್ಬಳ್ಳಿಯ ಡಾಕ್ಟರು, ಇದು ನೋಯುವುದಲ್ಲ, ಅಂಟುವುದಲ್ಲ, ಹೆದರಬೇಡಿ ಅಂದರು. ಅಣ್ಣಾಜಿಯ ತಾಯಿ ಡಾಕ್ಟರಿಗೆ ಹೆದರುವವರಲ್ಲ, ಮಂದಿಗೆ ಹೆದರುವವರು. ಮನೆಯಲ್ಲಿ ಮದುವೆಗೆ ಬೆಳೆದು ನಿಂತ ಹೆಣ್ಣುಮಕ್ಕಳಿಬ್ಬರು, ಅಣ್ಣಾಜಿಯ ತಂಗಿಯರು, ಇದ್ದರು. ಸೊಸೆಯ ಕಾಲು ಯಾರ ಕಣ್ಣಿಗಾದರೂ ಬಿದ್ದರೆ ಆ ಮನೆಯ ಹೆಣ್ಣು ಬೇಡವೆಂದು ಹೋಗುತ್ತಾರೆ. "ನಮ್ಮದ ಅಂಗಡಿ ಅದ, ಒಂದು ಕಾಲುಚೀಲ ತಂದು ಕೊಡು," ಎಂದು ಮಗನಿಗೆ ಹೇಳಿದರು. ಅಣ್ಣಾಜಿ ತಂದು ಕೊಟ್ಟರು. ಮೈಬಣ್ಣದ್ದು, ಚಪ್ಪಲಿ ಹಾಕಿಕೊಳ್ಳಲು ಬರುವಂತೆ ಹೆಬ್ಬೆರಳು ಬೇರೆ ಇರುವಂಥದು. ಯಾರಾದರೂ ಕೇಳಿದರೆ ಕಾಲು ಥಂಡಿ ಎಂದು ಹೇಳುವುದೆಂದು ಮನೆಯವರೆಲ್ಲ ಸೇರಿ ಗೊತ್ತುಮಾಡಿದರು.

ಆ ಹೆಣ್ಣುಮಕ್ಕಳಿಬ್ಬರೂ ಮದುವೆಯಾಗಿ, ಒಬ್ಬಳು ಹಾವೇರಿಯಲ್ಲಿ ಈಗ ಅಜ್ಜಿಯೂ ಆಗಿದ್ದಾಳೆ. ತಾಯಿ ತೀರಿಕೊಂಡು ಎಷ್ಟೋ ಕಾಲವಾಯಿತು. ಕಾಲುಚೀಲ ಮಾತ್ರ ಕಾಲಿನಿಂದ ಇಳಿಯಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಮಗಳು ಪ್ರಿಯಂವದಾ ಬೆಳೆದು ನಿಂತಿದ್ದಳು. ಹೇಳಿ ಹೇಳಿ ಆ ಸುಳ್ಳು ಎಷ್ಟು ಪಳಗಿತ್ತೆಂದರೆ, ಮಳೆಗಾಲ ಬಂದಾಗ ಅಣ್ಣಾಜಿಯೇ, "ಪದ್ಮಾ, ಕಾಲು ಥಂಡಿ ಆದಾವು, ಜ್ವಾಕಿ," ಅನ್ನುತ್ತಿದ್ದರು.

ಬಿದ್ದ ಮರುದಿನ ಅಣ್ಣಾಜಿಗೆ ರೂಢಿಯಂತೆ ಐದು ಗಂಟೆಗೇ ಎಚ್ಚರವಾಯಿತು. ಪದ್ಮಾಬಾಯಿ ಅಡುಗೆಮನೆಯಲ್ಲಿ ಆಗಲೇ ಅಕ್ಕಿ ಆರಿಸುತ್ತ ಕೂತಿದ್ದರು. ಎದುರು ಮನೆಯಿಂದ ಸೋಮವ್ವ, "ಬಾಯಾರ, ಬರ್ರಿ ಲಗೂ," ಎಂದು ಕೂಗಿದರೆ, "ಸೊಂಟಾ ಹಿಡದದರಿ," ಎಂದು ಒಳಗಿನಿಂದಲೇ ಹೇಳಿದರು. ಹೀಗೆ ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು. ಸಾಲದ್ದಕ್ಕೆ ಅಣ್ಣಾಜಿಯ ಅಂಗಡಿಯ ಹೆಮ್ಮೆಯೂ ಇದರಲ್ಲಿ ಸಿಕ್ಕಿಕೊಂಡಿತ್ತು. 'ಈ ಕಾಲುಚೀಲದ ನುಣುಪು ನೋಡ್ರಿ, ನೊಣಾ ಕೂತರೂ ಜಾರಬೇಕು' ಎಂದು ಗಿರಾಕಿಗಳೆದುರು ಬಡಾಯಿ ಕೊಚ್ಚುತ್ತಿದ್ದವರು ಅವರೇ. ನೊಣ ಜಾರಿತೋ ಇಲ್ಲವೋ, ಹೆಂಡತಿ ಜಾರಿ ಬಿದ್ದಿದ್ದಳು.

ದಾರಿ ಹೊಳೆದದ್ದು ಅಂಗಡಿಯಲ್ಲೇ. ಬಾಣಂತಿಯೊಬ್ಬಳು ನಡೆಯಲು ಕಲಿಯುತ್ತಿದ್ದ ಕೂಸಿಗೆ ಕಾಲುಚೀಲ ಕೇಳಿದಳು. ಅಣ್ಣಾಜಿ ಡಬ್ಬಿ ಬಿಚ್ಚಿ, ಅಂಗಾಲಿಗೆ ರಬ್ಬರಿನ ಸಣ್ಣ ಚುಕ್ಕಿಗಳಿರುವ ಪುಟ್ಟ ಜೋಡಿ ತೆಗೆದು, "ಇದನ್ನ ಒಯ್ಯಿರಿ ತಂಗಿ, ಫರಸಿ ಮ್ಯಾಲೆ ಕೂಸು ಜಾರೂದಿಲ್ಲ," ಎಂದು ಹೇಳುತ್ತಿದ್ದವರು ನಡುವೆಯೇ ಬಾಯಿ ತೆರೆದುಕೊಂಡು ನಿಂತುಬಿಟ್ಟರು. ಬಾಣಂತಿ, "ಏನಾತ್ರಿ?" ಎಂದು ಗಾಬರಿಯಾದಳು.

ಕೂಡಲೇ ಹುಬ್ಬಳ್ಳಿಯ ಹೋಲ್‌ಸೇಲ್ ವ್ಯಾಪಾರಿಗೆ ಫೋನು ಹೋಯಿತು. ಚುಕ್ಕಿ ಇರುವಂಥದು, ದೊಡ್ಡವರ ಸೈಜು.

"ದೊಡ್ಡವರಿಗಾ?" ಅತ್ತಲಿನ ದನಿ ನಕ್ಕಿತು. "ಯಾಕ ಅಣ್ಣಾಜಿ, ನಿಮ್ಮೂರಿನ ಮಂದಿಗೆ ಇನ್ನೂ ನಡೀಲಿಕ್ಕೆ ಬರೂದಿಲ್ಲೇನು?" ಫಾರಿನ್ನಿನಲ್ಲಿ ಯೋಗಕ್ಕೆಂದೇ ಅಂಥವು ಬರುತ್ತವಂತೆ, ಇಲ್ಲಿ ಯಾರು ಕೇಳುತ್ತಾರೆಂದು ತಾನು ತರಿಸಿಲ್ಲ ಎಂದ.

ಸಿಗದಿದ್ದರೆ ಮಾಡಬೇಕು. ಅಣ್ಣಾಜಿ ಮೊದಲು ಬೇರೆ ಬೇರೆ ಕಾಲುಚೀಲಗಳನ್ನು ಗುಡ್ಡೆ ಹಾಕಿಕೊಂಡು ಆರಿಸಲು ಕೂತರು. ನೈಲಾನ್ ಬೇಡ, ಒಳಗೆ ಕಾಲೇ ಜಾರುತ್ತದೆ. ಉಣ್ಣೆಯದು ಬೇಡ, ಬೇಸಿಗೆಯಲ್ಲಿ ಹುಚ್ಚು ಹಿಡಿಯುತ್ತದೆ. ದಪ್ಪ ಹತ್ತಿಯದು, ಹರಡಿನ ಮೇಲೆ ಬಿಗಿಯಾಗಿ ಕೂರುವಂಥದು, ಹೆಬ್ಬೆರಳು ಬೇರೆ ಇದ್ದರೆ ಒಳ್ಳೆಯದು, ಬೆರಳು ಬಿಡಿಸಿ ನೆಲ ಒತ್ತಲಿಕ್ಕೆ ಬರುತ್ತದೆ. ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಒಂದೊಂದನ್ನೇ ತಾವೇ ತೊಟ್ಟು, ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಂತು ನೋಡಿದರು. ಆರಿಸಿದ ಜೋಡಿಯನ್ನು ಜೇಬಿನಲ್ಲಿಟ್ಟುಕೊಂಡು ಮೂಲೆಯ ಪಂಚರ್ ಅಂಗಡಿಯ ಯೂಸುಫಸಾಬನ ಹತ್ತಿರ ಹೋದರು.

"ಸಾವಕಾರ್ರ, ಸೈಕಲ್ಲಿಗೆ ಪಂಚರ್ ಹಾಕೀನಿ, ಲಾರಿಗೆ ಹಾಕೀನಿ, ಒಮ್ಮೆ ಫುಟ್‌ಬಾಲಿಗೂ ಹಾಕೀನಿ," ಎಂದ ಯೂಸುಫಸಾಬ, ಕಾಲುಚೀಲವನ್ನು ತಿರುಗಿಸಿ ನೋಡುತ್ತ. "ಇದಕ್ಕ ಹಾಕಿಲ್ರಿ." ಆದರೂ ಗೆಳೆತನಕ್ಕೆ ಪಂಚರಿಗೆ ಹಚ್ಚುವ ಸೊಲ್ಯೂಷನ್ನಿನ ಚುಕ್ಕಿ ಇಟ್ಟುಕೊಟ್ಟ. ಒಣಗುವುದರೊಳಗೆ ಎರಡೂ ಕಾಲುಚೀಲಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾರದಂತೆ ಕೂತವು. ಮನೆಯಲ್ಲಿ ಅದನ್ನು ನೋಡಿ ಪ್ರಿಯಂವದಾ, "ಅಪ್ಪಾ, ಇದು ಒಂದು ಕಾಲಿನ ಮಂದಿಗೇನು?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪದ್ಮಾಬಾಯಿಯ ತುಟಿಯ ಮೂಲೆಯೂ ಅಲುಗಿತು. ಅಣ್ಣಾಜಿಗೆ ಅಷ್ಟು ಸಾಕಾಯಿತು.

ಪ್ರಿಯಂವದಾ ಹಾವೇರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬಿ.ಎಡ್. ಓದುತ್ತಿದ್ದ ಹುಡುಗಿ. ಕೈ ಚುರುಕು. ಸಿಂಕಿನ ಅಂಚಿಗೆ ಹಚ್ಚುವ ಸಿಲಿಕಾನ್ ಟ್ಯೂಬು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆಂದು ಹೇಳಿದವಳು ಅವಳೇ. ಒಣಗಿದರೆ ಅದು ರಬ್ಬರಿನಂತೆಯೇ ಆಗುತ್ತದೆ. ಅದನ್ನು ಮೆಹಂದಿ ಕೋನಿನಲ್ಲಿ ತುಂಬಿ, ಹಲಗೆಯ ಮೇಲೆ ಕಾಲುಚೀಲ ಹರವಿ, ರಂಗೋಲಿಯ ಹಾಗೆ ಕಮಲದ ಹೂವು, ಬಳ್ಳಿ ಎಲ್ಲ ಬಿಡಿಸಿದಳು. "ನೋಡು ಅಮ್ಮಾ, ನಿನ್ನ ಅಂಗಾಲಿಗೆ ದಿನಾ ಹಬ್ಬ."

ಒಣಗಿದ ಮೇಲೆ ಪದ್ಮಾಬಾಯಿ ಬೇಡ ಬೇಡವೆನ್ನುತ್ತಲೇ ಒಳಗೆ ಹೋಗಿ ತೊಟ್ಟುಕೊಂಡು ಬಂದರು. ಪಡಸಾಲೆಯಲ್ಲಿ ಒಂದು ಹೆಜ್ಜೆ ಇಟ್ಟರು, ಟಪ್ ಎಂದಿತು. ಇನ್ನೊಂದು ಇಟ್ಟರು, ಟಪ್ ಟಪ್. ಹಿಂದೆ ತಿರುಗಿ ನೋಡಿದರೆ ಕಮಲದ ಎಸಳುಗಳೆಲ್ಲ ಮಂಡಕ್ಕಿಯ ಹಾಗೆ ನೆಲದ ಮೇಲೆ ಚೆಲ್ಲಿದ್ದವು. ತಪ್ಪು ಎಲ್ಲಿಯದೆಂದು ಅಣ್ಣಾಜಿಗೆ ಆಗ ತಿಳಿಯಿತು, ತಿಳಿದ ಮೇಲೆ ನಾಚಿಕೆಯೂ ಆಯಿತು. ಆಯುಷ್ಯವೆಲ್ಲ ಕಾಲುಚೀಲ ಮಾರಿದವರಿಗೆ, ಹರವಿದ ಕಾಲುಚೀಲ ಬೇರೆ, ತೊಟ್ಟ ಕಾಲುಚೀಲ ಬೇರೆ ಎಂಬುದು ಗೊತ್ತಿರಬೇಡವೇ? ಕಾಲಿಗೆ ಏರಿದ ಕೂಡಲೇ ಬಟ್ಟೆ ಹಿಗ್ಗುತ್ತದೆ, ಚುಕ್ಕಿ ಹಿಗ್ಗುವುದಿಲ್ಲ. ಚುಕ್ಕಿ ಇಡುವುದಾದರೆ ತೊಟ್ಟ ಮೇಲೆ ಇಡಬೇಕು.

ಅಂಗಡಿಯ ಷೋಕೇಸಿನಲ್ಲಿದ್ದ ಪ್ಲಾಸ್ಟಿಕ್ ಕಾಲನ್ನು ಮನೆಗೆ ತಂದು ಅದಕ್ಕೆ ತೊಡಿಸಿ ನೋಡಿದರು. ಸಪೂರ ಕಾಲು, ಜೀವಮಾನದಲ್ಲಿ ಒಂದು ಕೊಡ ನೀರು ಹೊತ್ತದ್ದಲ್ಲ. ಪದ್ಮಾಬಾಯಿಯ ಪಾದ ಅಗಲ. ಹಿಮ್ಮಡಿಗೆ ಬರಬೇಕಾದ ಚುಕ್ಕಿಗಳು ಅಂಗಾಲಿನ ತಗ್ಗಿಗೆ ಬಂದವು.

ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣಾಜಿ ಪಡಸಾಲೆಯಲ್ಲಿ ಚಾಪೆ ಹಾಸಿ, ಕೋನು ಹಿಡಿದು ಕೂತರು. "ಪದ್ಮಾ, ಇಲ್ಲೆ ಬಾ. ಗೋಡಿಗೆ ಒರಗಿ ಕೂಡು. ಕಾಲು ಇಲ್ಲಿಡು," ಎಂದು ತಮ್ಮ ತೊಡೆ ತಟ್ಟಿದರು.

ಪದ್ಮಾಬಾಯಿ ಎರಡು ಹೆಜ್ಜೆ ಹಿಂದೆ ಸರಿದರು. "ಏನರ ತಲಿ ಕೆಟ್ಟದೇನ್ರಿ? ನಿಮ್ಮ ತೊಡಿ ಮ್ಯಾಲೆ ನಾ ಕಾಲು ಇಡೂದಾ? ನಿದ್ದಿಯೊಳಗ ಕಾಲು ತಾಗಿದ್ರ ಎದ್ದು ನಮಸ್ಕಾರ ಮಾಡಿ ಮತ್ತ ಮಲಕ್ಕೋತೀನಿ ನಾ."

"ಮದಿವ್ಯಾಗ ಇದ ಕಾಲು ಹಿಡದು ಅಕ್ಕಿ ಗುಂಪಿ ಮ್ಯಾಲೆ ಏಳು ಹೆಜ್ಜಿ ಇಡಿಸೀನಲ್ಲ? ಅವಾಗ ಪಾಪ ಬರಲಿಲ್ಲೇನು?"

"ಅವಾಗ ಭಟ್ಟರು ಹೇಳಿದ್ರು, ಹಿಡದ್ರಿ."

"ಈಗ ರುದ್ರಮುನಿ ಮಾಸ್ತರು ಹೇಳ್ಯಾರ. ಕೂಡು."

ಪ್ರಿಯಂವದಾ ನಗುತ್ತ ತಾಯಿಯ ಭುಜ ಹಿಡಿದು ಕೂರಿಸಿದಳು. ಬಲಗಾಲನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, "ಇದು ನಂದು, ಅದು ಅಪ್ಪಂದು," ಎಂದು ಕೆಲಸಕ್ಕೆ ತೊಡಗಿಯೇ ಬಿಟ್ಟಳು. ಅವಳ ಕಮಲ ಮುಗಿಯುವವರೆಗೂ ಪದ್ಮಾಬಾಯಿ ಎಡಗಾಲನ್ನು ಮಡಚಿ ಸೀರೆಯ ನೆರಿಗೆಯಡಿ ಬಚ್ಚಿಟ್ಟುಕೊಂಡು ಕೂತಿದ್ದರು. ಮುಗಿಸಿದ ಮೇಲೆ ಹುಡುಗಿ ತಂದೆಯ ಮುಖ ನೋಡಿದಳು, ತಾಯಿಯ ಮುಖ ನೋಡಿದಳು, ಮಾಳಿಗೆಯ ಮೇಲೆ ಬಟ್ಟೆ ಒಣಗಿವೆಯೇನೋ ನೋಡುತ್ತೇನೆಂದು ಹೋದಳು.

ಚುಕ್ಕಿಯ ಅಂಟು ಚರ್ಮಕ್ಕೆ ಇಳಿಯದಿರಲೆಂದು ಕಾಲಿಗೂ ಕಾಲುಚೀಲಕ್ಕೂ ನಡುವೆ ಪ್ಲಾಸ್ಟಿಕ್ ಹಾಳೆ ಸುತ್ತಬೇಕಿತ್ತು. ಅದಕ್ಕೆ ಹಳೆಯ ಕಾಲುಚೀಲ ತೆಗೆಯಬೇಕಿತ್ತು. ಪದ್ಮಾಬಾಯಿ ನೆರಿಗೆಯಡಿಯಿಂದ ಎಡಗಾಲನ್ನು ಹೊರಗೆ ಚಾಚಿದರು. ಆಮೇಲೆ ಮುಖವನ್ನು ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿಸಿ ಕಾಲುಚೀಲ ತೆಗೆದರು.

ಅಣ್ಣಾಜಿಯ ನೆನಪಿನಲ್ಲಿ ಅದು ಎಂಟಾಣೆಯಷ್ಟು ದೊಡ್ಡ ಮಚ್ಚೆ. ಎಂದೋ ಲಗ್ನದ ಹೊಸತರಲ್ಲಿ ನೋಡಿದ್ದು. ಹಾಸಿಗೆಯಲ್ಲೂ ಕಾಲುಚೀಲ ತೆಗೆಯದ ಹೆಂಡತಿಯನ್ನು ಅವರು ಎಂದೂ ಕೆದಕಿ ಕೇಳಿದವರಲ್ಲ. ಕೇಳದಿರುವುದೇ ಪ್ರೀತಿ ಎಂದುಕೊಂಡಿದ್ದರು. ಈಗ ನೋಡಿದರೆ ಪಾದವಿಡೀ ಬಿಳಿ. ಹರಡಿನಿಂದ ಬೆರಳ ತುದಿಯವರೆಗೆ, ಕಾಲುಂಗುರದ ಆಚೆಗೂ. ಉಗುರಿನ ಬುಡದಲ್ಲಿ ಮಾತ್ರ ಮೊದಲಿನ ಬಣ್ಣ ಒಂದಿಷ್ಟು ಉಳಿದಿತ್ತು.

"ಯಾವಾಗ ಹಿಂಗ ಆತು?"

"ಭಾಳ ವರ್ಷ ಆತ್ರಿ. ಪ್ರಿಯಾ ಸಾಲಿಗೆ ಹೋಗ್ಲಿಕ್ಕೆ ಚಾಲೂ ಮಾಡಿದ ಸುಮಾರಕ್ಕ."

"ನಂಗ ಹೇಳಲಿಲ್ಲ?"

"ಏನಂತ ಹೇಳಲಿ? ನೀವು ಎಷ್ಟ ಚಂದ ಚಂದ ಕಾಲುಚೀಲ ತಂದು ಕೊಡ್ತಿದ್ರಿ."

ಅಣ್ಣಾಜಿ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲೆ ಇಟ್ಟುಕೊಂಡರು. ಥಂಡಿ ಎಲ್ಲಿಯದು, ಬೆಚ್ಚಗಿತ್ತು. ಪ್ಲಾಸ್ಟಿಕ್ ಸುತ್ತಿದರು, ಕಾಲುಚೀಲ ಏರಿಸಿದರು, ಕನ್ನಡಕ ಸರಿಮಾಡಿಕೊಂಡು ಚುಕ್ಕಿ ಇಡತೊಡಗಿದರು. ಕೋನು ಹಿಡಿದು ರೂಢಿಯಿಲ್ಲದ್ದಕ್ಕೆ ಒಂದು ಚುಕ್ಕಿ ಜೋಳದ ಕಾಳಿನಷ್ಟಾದರೆ ಇನ್ನೊಂದು ಕಡಲೆಯಷ್ಟಾಯಿತು. ಸಾಲುಗಳು ಸೊಟ್ಟಗೆ ಹೋದವು. ಕಚಗುಳಿಯಾಗಿ ಪದ್ಮಾಬಾಯಿ ಕಾಲೆಳೆದಾಗ ಒಂದು ಸಾಲು ಹಿಮ್ಮಡಿ ದಾಟಿ ಮೇಲೆ ಬಂತು.

"ನಾ ಬಿದ್ದೆ ಅಂತ ಕ್ಲಾಸು ಬಿಡಲಿಲ್ರಿ," ಎಂದರು ಪದ್ಮಾಬಾಯಿ, ಇನ್ನೂ ಕ್ಯಾಲೆಂಡರನ್ನೇ ನೋಡುತ್ತ. "ಬಿದ್ದಾಗ ಸೊಂಟಾ ಮುರೀತೇನು ಅಂತ ನೋಡಿಕೊಳ್ಳಿಲ್ಲ ನಾ. ಕಾಲುಚೀಲ ಸರೀತೇನು ಅಂತ ನೋಡಿದೆ. ಆಮ್ಯಾಲೆ ನಂದ ನಂಗ ಸಿಟ್ಟು ಬಂತು."

ಒಣಗಲು ಸಂಜೆಯವರೆಗೆ ಬೇಕಿತ್ತು. ಕಾಲು ಕೆಳಗಿಟ್ಟರೆ ಚುಕ್ಕಿ ಅಳಿಸುತ್ತದೆಂದು ಅಣ್ಣಾಜಿ ತೊಡೆಯ ಮೇಲಿಂದ ಇಳಿಸಗೊಡಲಿಲ್ಲ. ಅವರ ಕಾಲಿಗೇ ಜೋಮು ಹಿಡಿಯಿತು, ಹೇಳಲಿಲ್ಲ. ಮಾಳಿಗೆಯಿಂದ ಇಳಿದುಬಂದ ಪ್ರಿಯಂವದಾ ಚಹಾ ಮಾಡಿ ಇಬ್ಬರಿಗೂ ಕೂತಲ್ಲಿಗೇ ಕೊಟ್ಟಳು. "ಅಮ್ಮಾ, ನನ್ನ ನೋಡ್ಲಿಕ್ಕೆ ಬಂದವರು ನಿನ್ನ ಕಾಲು ನೋಡಿ ಎದ್ದು ಹೋದರ ಹೋಗ್ಲಿ. ಅಂಥಾವರ ಮನ್ಯಾಗ ನಾ ಹ್ಯಾಂಗ ಬಾಳ್ವೆ ಮಾಡ್ಲಿ?" ಎಂದಳು. "ನಿಂಗೇನು ತಿಳೀತದ, ಸುಮ್ನಿರು," ಎಂದರು ಪದ್ಮಾಬಾಯಿ. ಆದರೆ ಚಹಾ ಕುಡಿದು ಮುಗಿದ ಮೇಲೂ ಅವರು ಕಾಲು ಹಿಂದೆಗೆದುಕೊಳ್ಳಲಿಲ್ಲ.

ಮಂಗಳವಾರ ಬೆಳಿಗ್ಗೆ ಸೋಮವ್ವ ಕೂಗುವ ಮೊದಲೇ ಪದ್ಮಾಬಾಯಿ ಚೂಡಿದಾರ ತೊಟ್ಟು ಅಂಗಳದಲ್ಲಿ ನಿಂತಿದ್ದರು. ಮಂಟಪದ ಹೊರಗೆ ಅಣ್ಣಾಜಿ ಪೇಪರು ಬಿಡಿಸಿ ಹಿಡಿದರು, ಅಕ್ಷರ ತಲೆಗೆ ಹೋಗಲಿಲ್ಲ. ಕಿವಿಯೆಲ್ಲ ಒಳಗಿತ್ತು. ರುದ್ರಮುನಿ ಮಾಸ್ತರರ ದನಿ ಗೋಡೆ ದಾಟಿ ಬರುತ್ತಿತ್ತು. "ಬಾಯಾರ, ಮತ್ತ ಸಾಕ್ಸ್? ಏನಂದಿದ್ದೆ ನಾ?" ಪದ್ಮಾಬಾಯಿಯ ಉತ್ತರ ಕೇಳಲಿಲ್ಲ. "ಹಂಗೇನು? ಚುಕ್ಕಿನಾ? ಆತು, ನಿಂದರ್ರಿ ನೋಡೋಣು. ಸೋಮವ್ವಾರ, ನೀವು ಮಗ್ಗಲಕ ಇರ್ರಿ, ಬಿದ್ರ ಹಿಡೀರಿ." ಆಮೇಲೆ ಸದ್ದಿಲ್ಲ. ಅಣ್ಣಾಜಿ ಉಸಿರು ಹಿಡಿದರು. ಪ್ರಾಣಾಯಾಮ ಕಲಿಯದಿದ್ದರೂ ಆವತ್ತು ಅವರ ಕುಂಭಕ ಮಾಸ್ತರರಿಗಿಂತ ಚೆನ್ನಾಗಿತ್ತು. ಧಡ್ ಎನ್ನಲಿಲ್ಲ. ಇನ್ನೂ ಎನ್ನಲಿಲ್ಲ. ಕೊನೆಗೆ ಒಳಗಿನಿಂದ ಚಪ್ಪಾಳೆ ಬಂತು.

ಹಿಂದೆಯೇ ಸೋಮವ್ವ ಬಾಗಿಲಿಗೆ ಬಂದು ಕೈ ಬೀಸಿದಳು. "ಒಳಗ ಬರ್ರಿ ಅಣ್ಣಾಜಿಯವರ. ಅಂಗಡಿಯವರು ಇಲ್ಲೇ ಇರೂವಾಗ ನಾವು ಯಾರನ್ನ ಕೇಳೋಣು? ನಮಗೂ ಅಂಥಾವ ಬೇಕು. ನನ್ನ ಹಿಮ್ಮಡಿ ಒಡದು ನೆಲಕ್ಕ ಹತ್ತಿದ್ರ ಉರೀತಾವು."

ಅಣ್ಣಾಜಿ ಒಳಗೆ ಹೋದರು. ಹೆಂಗಸರು ಪದ್ಮಾಬಾಯಿಯ ಸುತ್ತ ನೆರೆದಿದ್ದರು. ಗೆದ್ದ ಕಳೆ ಮುಖದಲ್ಲಿತ್ತು, ಬೆವರು ಹಣೆಯ ಮೇಲಿತ್ತು.

"ಚುಕ್ಕಿ ಹ್ಯಾಂಗದಾವ ತೋರಸ್ರಿ ಬಾಯಾರ," ಎಂದಳು ಒಬ್ಬಳು.

ಪದ್ಮಾಬಾಯಿ ಕಾಲು ಎತ್ತಹೋಗಿ ತಡೆದರು. ಹಿರಿಯರಿದ್ದಾರೆ, ಮಾಸ್ತರರಿದ್ದಾರೆ, ಅವರೆದುರು ಅಂಗಾಲು ಎತ್ತಿ ತೋರಿಸುವುದು ಹೇಗೆ? ಅವರ ಸಂಕೋಚ ಸೋಮವ್ವನಿಗೂ ತಿಳಿಯಿತು. "ಕಾಲು ಯಾಕ ಎತ್ತೀರಿ, ಬಿಚ್ಚೇ ಕೊಡ್ರೆಲ್ಲ ಒಂದು. ಕೈಯಾಗ ಹಿಡದು ನೋಡ್ತೇವಿ," ಎಂದು ಕೈ ಚಾಚಿದಳು.

ಅಣ್ಣಾಜಿ ಒಂದು ಹೆಜ್ಜೆ ಮುಂದೆ ಬಂದರು. ತಾವು ಇಷ್ಟು ಕಷ್ಟಪಟ್ಟು ಮಾಡಿದ ಕಾಲುಚೀಲವೇ ಹೆಂಡತಿಯನ್ನು ಹಿಡಿದುಕೊಟ್ಟಿತಲ್ಲ! 'ಅಕಿಗೆ ಕಾಲು ಥಂಡಿ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಅಷ್ಟರಲ್ಲಿ ಬುದ್ಧಿ ಓಡಿತು. ಕಾಲುಗಳು ಎರಡಿವೆಯಲ್ಲ!

"ಬಲಗಾಲಿಂದು ಕೊಡು ಪದ್ಮಾ," ಎಂದರು ಅವಸರದಿಂದ. "ಅದು ನಮ್ಮ ಪ್ರಿಯಾ ಮಾಡ್ಯಾಳ್ರಿ, ಕಮಲದ ಹೂವು, ಭಾಳ ಚಂದ ಬಂದದ."

ಪದ್ಮಾಬಾಯಿ ನೆಲದ ಮೇಲೆ ಕೂತರು. ಬಲಗಾಲಿನ ಮೇಲೆ ಕೈ ಇಟ್ಟರು. ತಲೆಯೆತ್ತಿ ಒಂದು ಸಲ ಗಂಡನನ್ನು ನೋಡಿದರು. ಆ ನೋಟದಲ್ಲಿ ಹೆದರಿಕೆ ಇತ್ತು, ಇಲ್ಲವೆನ್ನಲಾಗದು. ಆದರೆ ಅದರ ಜೊತೆಗೆ ಇನ್ನೇನೋ ಇತ್ತು, ಭಾನುವಾರ ಮಧ್ಯಾಹ್ನದ್ದು. ಅವರ ಕೈ ಬಲಗಾಲಿನಿಂದ ಎದ್ದು ಎಡಗಾಲಿಗೆ ಹೋಯಿತು. ಹರಡಿನಿಂದ ಸುರುಳಿ ಸುತ್ತುತ್ತ, ಹೆಬ್ಬೆರಳು ಬಿಡಿಸಿ, ಕಾಲುಚೀಲ ತೆಗೆದು ಸೋಮವ್ವನ ಕೈಗೆ ಕೊಟ್ಟರು.

"ಇದನ್ನ ನೋಡ್ರಿ," ಎಂದರು. "ಇದು ಇವರು ಮಾಡಿದ್ದು."

ಕರಿ ಗ್ರಾನೈಟಿನ ಮೇಲೆ ಆ ಬಿಳಿ ಪಾದ ಇನ್ನಷ್ಟು ಬಿಳಿಯಾಗಿ ಕಾಣುತ್ತಿತ್ತು. ಹಿಂದಿನ ಸಾಲಿನ ಒಬ್ಬಳು ತನ್ನ ಜಮಖಾನವನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡದ್ದು ಅಣ್ಣಾಜಿಗೆ ಕಂಡಿತು. ಇನ್ನು ಈ ಸುದ್ದಿ ಸಂಜೆಯೊಳಗೆ ಓಣಿಗೂ, ನಾಳೆಯೊಳಗೆ ಹಾವೇರಿಗೂ ಮುಟ್ಟುತ್ತದೆಂದು ಅವರಿಗೆ ಗೊತ್ತಿತ್ತು.

ಸೋಮವ್ವ ಪಾದ ನೋಡಿದಳು. ಪದ್ಮಾಬಾಯಿಯ ಮುಖ ನೋಡಿದಳು.

"ಅಂದ್ರ ಕಾಲು ಥಂಡಿ ಇಲ್ಲನ್ರಿ ನಿಮಗ?"

"ಇಲ್ರಿ. ಎಂದೂ ಇದ್ದಿದ್ದಿಲ್ಲ."

"ಅಯ್ಯ ನಮ್ಮವ್ವ! ಈ ಝಳದಾಗ ಸಾಕ್ಸ್ ಹಾಕ್ಕೊಂಡು ಕುಂತೀರಲ್ರಿ ಇಷ್ಟು ವರ್ಷ!" ಸೋಮವ್ವನ ಕಣ್ಣು ಒಂದು ಗಳಿಗೆ ತೇವವಾಯಿತು. ಕೂಡಲೇ ಕಾಲುಚೀಲದೊಳಗೆ ಕೈ ತೂರಿಸಿ, ಅಂಗೈ ಮೇಲೆ ಮಾಡಿ, ಬೆಳಕಿಗೆ ಹಿಡಿದಳು. "ಏನ್ರಿ ಅಣ್ಣಾಜಿಯವರ ಇದು? ಒಂದ ಸಾಲರ ನೆಟ್ಟಗ ಐತೇನು? ನಮ್ಮ ಹೊಲದಾಗ ಯಾವನರ ಹಿಂಗ ಬಿತ್ತಿದ್ರ ಕೂರಿಗಿ ಕಸಗೊಂಡು ಕಳಸ್ತಿದ್ದೆ." ಹೆಂಗಸರು ನಕ್ಕರು. ಕಾಲುಚೀಲ ಕೈಯಿಂದ ಕೈಗೆ ಹೋಯಿತು. ಒಬ್ಬಳು ಚುಕ್ಕಿ ಎಳೆದು ನೋಡಿದಳು, ಬರಲಿಲ್ಲ. "ಸೊಟ್ಟ ಇದ್ದರೂ ಘಟ್ಟಿ ಅದಾವವ್ವ," ಎಂದಳು.

"ಸಾಕಿನ್ನ. ಶವಾಸನ," ಎಂದರು ರುದ್ರಮುನಿ ಮಾಸ್ತರರು. ಅವರ ದನಿ ಅಷ್ಟು ಮೆತ್ತಗಿದ್ದದ್ದನ್ನು ಆ ಮಂಟಪ ಅದೇ ಮೊದಲು ಕೇಳಿತು.

ತನ್ನ ಕಾಲಿಗೆ ಅಳತೆ ನೋಡಿ ಹೇಳುತ್ತೇನೆಂದು ಎಡಗಾಲಿನದನ್ನು ಸೋಮವ್ವ ತನ್ನ ಹತ್ತಿರವೇ ಇಟ್ಟುಕೊಂಡಳು. ಹೊರಗೆ ಅಣ್ಣಾಜಿ ಸ್ಕೂಟರಿಗೆ ಕಿಕ್ ಹೊಡೆದರು. ಹಿಂದೆ ಕೂತ ಪದ್ಮಾಬಾಯಿ ತಿರುವು ದಾಟಿದ ಮೇಲೆ, "ಆ ಹಿಂದಿನ ಸಾಲಿನಾಕಿ ಇದ್ದಾಳಲ್ರಿ, ಜಮಖಾನಾ ಎಳಕೊಂಡಾಕಿ, ಅಕಿದು ಒಂದು ಮಜಾ ಕೇಳ್ರಿ," ಎಂದು ಚಾಲೂ ಮಾಡಿದರು. ಅಣ್ಣಾಜಿ ಸುತ್ತಿನ ದಾರಿ ಹಿಡಿದರು. ರೈಲ್ವೆ ಗೇಟು ಹಾಕಿತ್ತು. ಟ್ರ್ಯಾಕ್ಟರು, ಆಟೋ, ಹಾಲಿನ ಸೈಕಲ್ಲು ಎಲ್ಲ ಸಾಲಾಗಿ ನಿಂತು ಕಾಯುತ್ತಿದ್ದವು. ಬೆನ್ನ ಹಿಂದೆ ಮಾತು ನಡೆದೇ ಇತ್ತು. ಅಣ್ಣಾಜಿ ಎಡಕ್ಕೆ ಬಗ್ಗಿ ಕೆಳಗೆ ನೋಡಿದರು. ಪಾದವಿಡುವ ಕಬ್ಬಿಣದ ಪಟ್ಟಿಯ ಮೇಲೆ ಎರಡು ಪಾದಗಳು ಒಂದರ ಪಕ್ಕ ಒಂದು ಇದ್ದವು, ಒಂದು ಕಾಲುಚೀಲದಲ್ಲಿ, ಒಂದು ಬರಿದಾಗಿ. ಬರಿದಾದ ಪಾದದ ಮೇಲೆ ಬೆಳಗಿನ ಬಿಸಿಲು ಬಿದ್ದಿತ್ತು, ಬೆರಳುಗಳು ಮಾತಿಗೆ ತಕ್ಕಂತೆ ಅಲ್ಲಾಡುತ್ತಿದ್ದವು.